ಕಾರ್ಬೊರೇಟರ್ ದೊಡ್ಡದಾಯಿತು, ಗಾಡಿ ಯಾಕೆ ಮಂಕಾಯಿತು?

ಪ್ರಶ್ನೆ: ಸರ್, ನಾನು ಹಾಸನದವನು, ಹದಿನೈದು ವರ್ಷದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇನೆ. ಎರಡು ವರ್ಷದ ಹಿಂದೆ 1966ರ ಫೋರ್ಡ್ ಮಸ್ಟಾಂಗ್ ಕೊಂಡೆ. ಆರು ಸಿಲಿಂಡರಿನ 200 ಕ್ಯೂಬಿಕ್ ಇಂಚಿನ ಎಂಜಿನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಊರೊಳಗೆ ಚೆನ್ನಾಗೇ ಓಡುತ್ತಿತ್ತು. ಹೈವೇ 17ರಲ್ಲಿ ಸಾಂತಾ ಕ್ರೂಜ್ ಕಡೆಗೆ ಏರು ಹತ್ತುವಾಗ ಮಾತ್ರ ಏದುಸಿರು ಬಿಡುತ್ತಿತ್ತು, ಸಿಗ್ನಲ್ಲಿನಿಂದ ಹೊರಡುವಾಗ ಒಂದು ಕ್ಷಣ ತಡವರಿಸುತ್ತಿತ್ತು. ಗಾಳಿ ಇಳಿಯುವ ಬಾಯಿ ಒಂದೇ ಇರುವ ಸಿಂಗಲ್ ಬ್ಯಾರಲ್ ಕಾರ್ಬೊರೇಟರ್ ತೆಗೆದು ಎರಡು ಬ್ಯಾರಲ್ಲಿನ ವೆಬರ್ 32/36 ಹಾಕಿಸಿದರೆ 40 ಎಚ್‌ಪಿ ಹೆಚ್ಚುತ್ತದೆ ಅಂತ ಹಲವರು ಹೇಳಿದರು. ಅಡಾಪ್ಟರ್ ಸಮೇತ ಕಿಟ್ ತರಿಸಿ ಹಾಕಿಸಿದೆ. ಈಗ ಏರಿನಲ್ಲಿ ಮೊದಲಿಗಿಂತ ಮಂಕು. ಗೇರ್ ತಡವಾಗಿ, ಒದ್ದ ಹಾಗೆ ಬೀಳುತ್ತದೆ. ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಗ್ಯಾಲನ್ನಿಗೆ 18 ಮೈಲಿ ಕೊಡುತ್ತಿದ್ದ ಗಾಡಿ 12ಕ್ಕೆ ಇಳಿದಿದೆ, ನಿಂತಾಗ ಪೆಟ್ರೋಲ್ ವಾಸನೆ ಬೇರೆ. ಗ್ಯಾರೇಜಿನವರು ಎರಡು ಸಲ ಟ್ಯೂನ್ ಮಾಡಿ ‘ಇಲ್ಲಿ ಎಲ್ಲ ಸರಿಯಾಗೇ ಇದೆ’ ಎನ್ನುತ್ತಾರೆ. ನಾಲ್ಕು ಬ್ಯಾರಲ್ ಹಾಕಿ, ಇಲ್ಲವೇ ವಿ8 ಎಂಜಿನ್ ಕೂರಿಸಿ ಅನ್ನುವುದು ಅವರ ಈಗಿನ ಸಲಹೆ. ನಮ್ಮ ತಂದೆ ಅಂಬಾಸಡರ್ ಕಾರ್ಬೊರೇಟರನ್ನು ತಾವೇ ಬಿಚ್ಚಿ ತೊಳೆದು ಕೂರಿಸುತ್ತಿದ್ದರು. ನನಗೂ ಸ್ಪ್ಯಾನರ್ ಹಿಡಿಯಲು ಬರುತ್ತದೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ದುಡ್ಡು ದಂಡವಾಯಿತೇ?

ಉತ್ತರ: ದುಡ್ಡು ದಂಡವಾಗಿಲ್ಲ. ಆದರೆ ಬಿಚ್ಚಿದ ಹಳೆಯ ಕಾರ್ಬೊರೇಟರ್ ಇನ್ನೂ ಮನೆಯಲ್ಲಿದ್ದರೆ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಮಾರಿದ್ದರೆ, ಕೊಂಡವರನ್ನು ಇವತ್ತೇ ಹುಡುಕಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಏರಿನಲ್ಲಿ ಮಂಕು, ಎಂಜಿನ್ ಕಾವು, ಗೇರಿನ ಒದೆತ, ಪೆಟ್ರೋಲ್ ವಾಸನೆ, ಮೈಲೇಜು ಇಳಿದದ್ದು, ಇವೆಲ್ಲ ಒಂದೇ ಕಾಯಿಲೆಯ ಲಕ್ಷಣ ಅಂತ ನಿಮಗೂ ಗ್ಯಾರೇಜಿನವರಿಗೂ ಅನ್ನಿಸಿದೆ. ಹಾಗಲ್ಲ. ಕಾರ್ಬೊರೇಟರ್ ಬದಲಾಯಿಸಿದ ಆ ಒಂದು ಕೆಲಸದಲ್ಲಿ ಮೂರು ಬೇರೆ ಬೇರೆ ತಪ್ಪುಗಳು ಸೇರಿಕೊಂಡಿವೆ. ವೆಬರ್ ಕೆಟ್ಟ ಕಾರ್ಬೊರೇಟರ್ ಅಲ್ಲ. ನಿಮ್ಮ ಎಂಜಿನ್ನೂ ಸೋತಿಲ್ಲ.

ದೊಡ್ಡದರಿಂದ ಶುರು ಮಾಡೋಣ. ಅದು ಕಾರ್ಬೊರೇಟರಿನಲ್ಲಿ ಇಲ್ಲ, ಪ್ಲಗ್ಗುಗಳಿಗೆ ಕಿಡಿಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿದೆ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಶೆಡ್ಡಿನಲ್ಲಿ. ಅಂಬಾಸಡರಿನ ಎಸ್‌ಯು, ಪದ್ಮಿನಿಯ ಸೋಲೆಕ್ಸ್, ಇವೆರಡನ್ನೂ ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆವು. ‘ಮೊದಲು ಕರೆಂಟು ನೋಡು, ಆಮೇಲೆ ಪೆಟ್ರೋಲು’ ಅಂತ ನಮ್ಮ ಉಸ್ತಾದರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅಮೆರಿಕಕ್ಕೆ ಬಂದ ಹೊಸದರಲ್ಲಿ ನಿಮ್ಮದೇ ಥರದ ಫೋರ್ಡ್ ಸಿಕ್ಸ್ ಒಂದು ನನ್ನ ಕೈಗೆ ಬಂತು. ಅದಕ್ಕೂ ಯಾರೋ ಎರಡು ಬ್ಯಾರಲ್ ಹಾಕಿದ್ದರು, ಅದೂ ಏರಿನಲ್ಲಿ ಎಳೆಯುತ್ತಿರಲಿಲ್ಲ. ಉಸ್ತಾದರ ಮಾತು ಮರೆತು ಮೂರು ಸಲ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಾಯಿಸಿದೆ, ಎರಡು ಸಲ ಫ್ಲೋಟ್ ಸೆಟ್ ಮಾಡಿದೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಸುಮ್ಮನೆ ನೋಡುತ್ತಿದ್ದವರು ಬಂದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಎತ್ತಿ, ಒಳಗೆ ಷಾಫ್ಟಿನ ತುದಿಯಲ್ಲಿ ತಿರುಗುವ ರೋಟರನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು. ಅಲ್ಲಾಡಲಿಲ್ಲ. ‘ಇದರೊಳಗೆ ತೂಕಗಳೇ ಇಲ್ಲ, ಗೊತ್ತಾ?’ ಅಂದರು. ಗೊತ್ತಿರಲಿಲ್ಲ. ಅಂಬಾಸಡರಿನ ಡಿಸ್ಟ್ರಿಬ್ಯೂಟರಿನಲ್ಲಿ ತೂಕವೂ ಇತ್ತು, ಎಂಜಿನ್ ಗಾಳಿ ಎಳೆಯುವ ಸೆಳೆತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಡಬ್ಬಿಯೂ ಇತ್ತು. ಎಲ್ಲ ಗಾಡಿಯೂ ಹಾಗೇ ಅಂದುಕೊಂಡಿದ್ದೆ.

ಈ ತೂಕಗಳ ಕೆಲಸವೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಸಿಲಿಂಡರಿನೊಳಗೆ ಪೆಟ್ರೋಲ್ ಒಮ್ಮೆಲೇ ಸ್ಫೋಟವಾಗುವುದಿಲ್ಲ. ಕಿಡಿ ಹಾರಿದ ಮೇಲೆ ಬೆಂಕಿ ಹರಡಲು ಸಮಯ ಬೇಕು. ಎಂಜಿನ್ ನಿಧಾನವಾಗಿ ತಿರುಗುವಾಗ ಆ ಸಮಯ ಧಾರಾಳ. 3000 ಆರ್‌ಪಿಎಮ್ಮಿಗೆ ಬಂದಾಗ ಪಿಸ್ಟನ್ ಕಾಯುವುದಿಲ್ಲ, ಹಾಗಾಗಿ ಕಿಡಿಯನ್ನು ಮೊದಲೇ ಹಾರಿಸಬೇಕು. ಇದೇ ಅಡ್ವಾನ್ಸ್. ಸಾಮಾನ್ಯ ಡಿಸ್ಟ್ರಿಬ್ಯೂಟರಿನಲ್ಲಿ ವೇಗ ಹೆಚ್ಚಿದಂತೆ ಎರಡು ತೂಕಗಳು ಹೊರಕ್ಕೆ ಸರಿದು ಟೈಮಿಂಗನ್ನು ಮುಂದಕ್ಕೆ ತಳ್ಳುತ್ತವೆ. ವ್ಯಾಕ್ಯೂಮ್ ಡಬ್ಬಿ ಇರುವುದು ಹಗುರಾಗಿ ಓಡುವಾಗ ಇನ್ನಷ್ಟು ಅಡ್ವಾನ್ಸ್ ಕೊಟ್ಟು ಪೆಟ್ರೋಲ್ ಉಳಿಸಲಿಕ್ಕೆ.

ಫೋರ್ಡಿನವರು ಈ ಸಿಕ್ಸ್ ಎಂಜಿನ್ನುಗಳಿಗೆ 1967ರವರೆಗೂ ಲೋಡ್-ಒ-ಮ್ಯಾಟಿಕ್ ಅನ್ನುವ ಡಿಸ್ಟ್ರಿಬ್ಯೂಟರ್ ಹಾಕುತ್ತಿದ್ದರು. ಅದರಲ್ಲಿ ತೂಕಗಳಿಲ್ಲ, ಇರುವುದು ವ್ಯಾಕ್ಯೂಮ್ ಒಂದೇ. ಹಾಗಾದರೆ ಎಂಜಿನ್ ಎಷ್ಟು ವೇಗದಲ್ಲಿದೆ ಎಂದು ಅದಕ್ಕೆ ಹೇಳುವವರು ಯಾರು? ಕಾರ್ಬೊರೇಟರ್. ನಿಮ್ಮ ಹಳೆಯ ಆಟೊಲೈಟ್ 1100ರಲ್ಲಿ ಡಿಸ್ಟ್ರಿಬ್ಯೂಟರಿಗೆ ಹೋಗುವ ಒಂದು ಕೊಳವೆಗೆ ಒಳಗೆ ಎರಡು ಕಡೆಯಿಂದ ಸಂಕೇತ ಬರುತ್ತದೆ. ಒಂದು ವೆಂಚುರಿಯಿಂದ, ಅಂದರೆ ಕಾರ್ಬೊರೇಟರಿನ ಕತ್ತು ಕಿರಿದಾಗುವ ಜಾಗದಿಂದ. ಅಲ್ಲಿ ಗಾಳಿ ಎಷ್ಟು ಜೋರಾಗಿ ಹರಿಯುತ್ತದೋ ಸೆಳೆತ ಅಷ್ಟು ಹೆಚ್ಚು. ಇನ್ನೊಂದು, ಪೆಡಲ್ ಒತ್ತಿದಾಗ ತೆರೆಯುವ ಥ್ರಾಟಲ್ ತಟ್ಟೆಯ ಹತ್ತಿರದಿಂದ. ಜೊತೆಗೆ ಕಾರ್ಬೊರೇಟರಿನ ಪಕ್ಕದಲ್ಲಿ ಷಟ್ಕೋನ ತಲೆಯ ಒಂದು ಪುಟ್ಟ ವಾಲ್ವ್ ತಿರುಪಿರುತ್ತದೆ, ಸ್ಪಾರ್ಕ್ ಕಂಟ್ರೋಲ್ ವಾಲ್ವ್. ಏರಿನಲ್ಲಿ ಎಂಜಿನ್ ಮೇಲೆ ಭಾರ ಬಿದ್ದು ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆಯ) ವ್ಯಾಕ್ಯೂಮ್ ಕುಸಿದಾಗ ಅದು ಮುಚ್ಚಿಕೊಂಡು ವೆಂಚುರಿಯ ಸಂಕೇತವನ್ನಷ್ಟೇ ಉಳಿಸುತ್ತದೆ. ಹಾಗಾಗಿ ಪೆಡಲ್ ಪೂರ್ತಿ ಒತ್ತಿದ್ದರೂ ವೇಗಕ್ಕೆ ತಕ್ಕಷ್ಟು ಅಡ್ವಾನ್ಸ್ ಸಿಗುತ್ತದೆ. ಕಾರ್ಬೊರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇಲ್ಲಿ ಗಂಡ ಹೆಂಡತಿ ಇದ್ದ ಹಾಗೆ, ಒಬ್ಬರ ಮಾತು ಇನ್ನೊಬ್ಬರಿಗೆ ಮಾತ್ರ ಅರ್ಥವಾಗುತ್ತದೆ.

ವೆಬರಿನಲ್ಲಿ ಈ ಏರ್ಪಾಟು ಯಾವುದೂ ಇಲ್ಲ. ಅದರಲ್ಲಿರುವುದು ಥ್ರಾಟಲ್ ತಟ್ಟೆಯ ಮೇಲಿನ ಒಂದೇ ತೂತು. ನೀವು ಹೈವೇ 17ರಲ್ಲಿ ಪೆಡಲ್ ಒತ್ತಿದಾಗ ಆ ತೂತಿನ ವ್ಯಾಕ್ಯೂಮ್ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಲೋಡ್-ಒ-ಮ್ಯಾಟಿಕ್ ಅದನ್ನು ನೋಡಿ ‘ಎಂಜಿನ್ ನಿಂತಿದೆ’ ಅಂತ ತಿಳಿದು ಟೈಮಿಂಗನ್ನು ಪೂರ್ತಿ ಹಿಂದಕ್ಕೆ ತರುತ್ತದೆ. ಪಿಸ್ಟನ್ ಮೇಲೆ ತಲುಪುವುದಕ್ಕೆ ಸುಮಾರು 32ರಿಂದ 36 ಡಿಗ್ರಿ ಮೊದಲೇ ಬೇಕಾದ ಕಡೆ ಬುಡದ 10-12 ಡಿಗ್ರಿಯಲ್ಲೇ ಕಿಡಿ ಹಾರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ತಡವಾಗಿ ಹೊತ್ತಿದ ಪೆಟ್ರೋಲ್ ಪಿಸ್ಟನ್ನನ್ನು ತಳ್ಳುವ ಬದಲು ಎಕ್ಸಾಸ್ಟ್ ವಾಲ್ವ್ ತೆರೆದ ಮೇಲೂ ಉರಿಯುತ್ತಿರುತ್ತದೆ. ಆ ಕಾವೆಲ್ಲ ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲೆ ಕೂರುವ ಎರಕದ ಮುಚ್ಚಳದಲ್ಲಿ, ಹರಿಯುವ ನೀರಿಗೆ. ನಿಮ್ಮ ಟೆಂಪರೇಚರ್ ಮುಳ್ಳು ಏರುವುದು ಇದಕ್ಕೆ, ರೇಡಿಯೇಟರ್ ಕೆಟ್ಟು ಅಲ್ಲ.

ಗ್ಯಾರೇಜಿನವರು ಸುಳ್ಳು ಹೇಳುತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾಡಿ ನಿಲ್ಲಿಸಿಕೊಂಡು, ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಮೇಲೆ ಭಾರವಿಲ್ಲ. ಆಗ ವೆಬರಿನ ಆ ತೂತಿನಲ್ಲಿ ಭರ್ಜರಿ ವ್ಯಾಕ್ಯೂಮ್ ಇರುತ್ತದೆ, ಟೈಮಿಂಗ್ ಲೈಟ್ ಬಿಟ್ಟರೆ ಅಡ್ವಾನ್ಸ್ ಚೆನ್ನಾಗೇ ಕಾಣುತ್ತದೆ. ಗ್ಯಾರೇಜಿನಲ್ಲಿ ಎಷ್ಟು ಸಲ ನೋಡಿದರೂ ಈ ದೋಷ ಸಿಗುವುದಿಲ್ಲ. ಅದು ಇರುವುದು ಏರಿನಲ್ಲಿ.

ನನ್ನ ಮಾತನ್ನು ನಂಬಬೇಡಿ, ನೀವೇ ನೋಡಿ. ಒಂದು ವ್ಯಾಕ್ಯೂಮ್ ಗೇಜ್, ಒಂದು ಟಿ ಜಾಯಿಂಟ್, ಎರಡು ಮೀಟರ್ ರಬ್ಬರ್ ಹೋಸ್ ಸಾಕು. ಡಿಸ್ಟ್ರಿಬ್ಯೂಟರಿಗೆ ಹೋಗುವ ಕೊಳವೆಗೆ ಟಿ ಹಾಕಿ, ಹೋಸನ್ನು ಬಾನೆಟ್ಟಿನ ಸಂದಿಯಿಂದ ತಂದು ಕಿಟಕಿಯೊಳಗೆ ತೂರಿಸಿ, ಗೇಜನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ. ನೀವು ರಸ್ತೆ ನೋಡಿ, ಅವರು ಮುಳ್ಳು ನೋಡಲಿ. ಸಪಾಟು ರಸ್ತೆಯಲ್ಲಿ ಹಗುರಾಗಿ ಹೋಗುವಾಗ ಮುಳ್ಳು ಮೇಲೆ ನಿಂತಿರುತ್ತದೆ, ಏರು ಬಂದು ಪೆಡಲ್ ಒತ್ತಿದ ಕೂಡಲೇ ಧೊಪ್ಪನೆ ಬೀಳುತ್ತದೆ. ನಿಮ್ಮ ಗಾಡಿ ಮಂಕಾಗುವ ಕ್ಷಣವೂ ಅದೇ ಎಂದು ಇಬ್ಬರಿಗೂ ಒಟ್ಟಿಗೆ ತಿಳಿಯುತ್ತದೆ.

ಅದಕ್ಕೂ ಮೊದಲು ನಿಮ್ಮಲ್ಲಿರುವುದು ಲೋಡ್-ಒ-ಮ್ಯಾಟಿಕ್ಕೇ ಹೌದೇ ಅಂತ ಖಾತ್ರಿ ಮಾಡಿಕೊಳ್ಳಿ. ಹೆಚ್ಚುಕಡಿಮೆ ಅರವತ್ತು ವರ್ಷದ ಗಾಡಿ, ಮಧ್ಯದಲ್ಲಿ ಯಾರು ಏನು ಬದಲಾಯಿಸಿದ್ದಾರೋ. ಕ್ಯಾಪ್ ತೆಗೆದು ರೋಟರನ್ನು ಮೆಲ್ಲಗೆ ತಿರುಗಿಸಿ. ತೂಕವಿರುವ ಡಿಸ್ಟ್ರಿಬ್ಯೂಟರ್ ಆದರೆ ಒಂದು ಕಡೆಗೆ ಸ್ವಲ್ಪ ತಿರುಗಿ, ಬಿಟ್ಟರೆ ಸ್ಪ್ರಿಂಗಿನಿಂದ ವಾಪಸ್ಸು ಬರುತ್ತದೆ. ಲೋಡ್-ಒ-ಮ್ಯಾಟಿಕ್ ಗಟ್ಟಿಯಾಗಿ ನಿಂತಿರುತ್ತದೆ, ಕಿಡಿಗಾಗಿ ಕರೆಂಟು ಕಡಿಯುವ ಪಾಯಿಂಟ್ ಕೂರುವ ತಟ್ಟೆಯ ಮೇಲೆ ಎರಡು ಸಣ್ಣ ಸ್ಪ್ರಿಂಗ್ ಕಾಣುತ್ತವೆ.

ಎರಡನೆಯ ತಪ್ಪು ಗೇರ್‌ಬಾಕ್ಸಿನದು. ನಿಮ್ಮ ಸಿ4 ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಎಂಜಿನ್ ಮೇಲಿನ ಭಾರ ತಿಳಿಯುವುದೂ ವ್ಯಾಕ್ಯೂಮಿನಿಂದಲೇ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಡಬ್ಬಿಯಂಥ ಮಾಡ್ಯುಲೇಟರ್ ಇದೆ. ಅದಕ್ಕೆ ಸದಾ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಬೇಕು. ವ್ಯಾಕ್ಯೂಮ್ ಕಮ್ಮಿಯಾದರೆ ‘ಭಾರ ಬಿದ್ದಿದೆ’ ಎಂದು ತಿಳಿದು ಒಳಗಿನ ಆಯಿಲ್ ಪ್ರೆಷರ್ ಏರಿಸಿ ಗೇರನ್ನು ತಡವಾಗಿ, ಗಟ್ಟಿಯಾಗಿ ಹಾಕುತ್ತದೆ. ಕಿಟ್ ಹಾಕುವಾಗ ಅದರ ಹೋಸನ್ನು ವೆಬರಿನ ಪಕ್ಕದ ತೂತಿಗೆ ಸೇರಿಸಿರಬೇಕು, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿರಬೇಕು. ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿದಾಗಲೂ ಧಡ್ ಅನ್ನುತ್ತದೆಯೇ ನೋಡಿ. ಅನ್ನುತ್ತಿದ್ದರೆ ಬಹುಶಃ ಇವೆರಡರಲ್ಲಿ ಒಂದು ಆಗಿದೆ. ಇನ್ನು ಕಿಕ್‌ಡೌನ್ ರಾಡ್: ಪೆಡಲ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದು ಅದೇ. ಅಡಾಪ್ಟರ್ ಕಿಟ್ ಹಾಕಿದ ಬಹಳ ಗಾಡಿಗಳಲ್ಲಿ ಅದು ಯಾತಕ್ಕೂ ಸೇರದೆ ಸುಮ್ಮನೆ ನೇತಾಡುತ್ತಿರುವುದನ್ನು ಕಂಡಿದ್ದೇನೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಒದ್ದಾಡಿದರೆ ಯಾವ ಕಾರ್ಬೊರೇಟರ್ ಏನು ಮಾಡೀತು?

ಇಲ್ಲೇ ಒಂದು ಉಪಕಥೆ. 1966ರವರೆಗಿನ ಸಿ4 ಗಾಡಿಗಳ ಗೇರ್ ಲಿವರ್ ಪಕ್ಕದಲ್ಲಿ ಡ್ರೈವ್‌ಗೆ ಎರಡು ಚುಕ್ಕೆಗಳಿವೆ. ದೊಡ್ಡ ಹಸಿರು ಚುಕ್ಕೆಗೆ ಹಾಕಿದರೆ ಒಂದು, ಎರಡು, ಮೂರು ಅಂತ ಕ್ರಮವಾಗಿ ಹೋಗುತ್ತದೆ. ಸಣ್ಣ ಚುಕ್ಕೆಗೆ ಹಾಕಿದರೆ ಹೊರಡುವುದೇ ಎರಡನೇ ಗೇರಿನಲ್ಲಿ, ಹಿಮದಲ್ಲಿ ಚಕ್ರ ಜಾರದಿರಲಿ ಅಂತ. ಇದು ತಿಳಿಯದೆ ವರ್ಷಗಟ್ಟಲೆ ಸಣ್ಣ ಚುಕ್ಕೆಯಲ್ಲೇ ಓಡಿಸಿ, ‘ಸಿಗ್ನಲ್ಲಿನಲ್ಲಿ ಪಿಕಪ್ ಇಲ್ಲ’ ಅಂತ ಬಂದವರು ನನಗೆ ಇಬ್ಬರು ಸಿಕ್ಕಿದ್ದಾರೆ. ನೀವು ಮೂರನೆಯವರಾಗಿರಲಾರಿರಿ, ಆದರೂ ಒಮ್ಮೆ ಬಗ್ಗಿ ನೋಡಿ.

ಮೂರನೆಯದು ಪೆಟ್ರೋಲ್ ವಾಸನೆ. ನಿಮ್ಮ ಎಂಜಿನ್ನಿನ ಮೆಕ್ಯಾನಿಕಲ್ ಪಂಪು 4ರಿಂದ 6 ಪಿಎಸ್‌ಐ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಆಟೊಲೈಟಿಗೆ ಅದು ಸರಿ. ವೆಬರಿನ ನೀಡಲ್ ವಾಲ್ವಿಗೆ 3ರ ಆಸುಪಾಸು ಸಾಕು, ಅದಕ್ಕಿಂತ ಜಾಸ್ತಿಯಾದರೆ ಫ್ಲೋಟ್ ತಡೆಯಲಾರದೆ ಓವರ್‌ಫ್ಲೋ ಆಗುತ್ತದೆ. ಪ್ರೆಷರ್ ರೆಗ್ಯುಲೇಟರ್ ಇಲ್ಲದೆ ಇದನ್ನು ಓಡಿಸಬೇಡಿ. ನಿಮ್ಮ ಎಂಜಿನ್ನಿನಲ್ಲಿ ಇನ್‌ಟೇಕೂ ಎಕ್ಸಾಸ್ಟೂ ಒಂದೇ ಪಕ್ಕದಲ್ಲಿವೆ. ತುಂಬಿ ಚೆಲ್ಲಿದ ಪೆಟ್ರೋಲ್ ಬೀಳುವುದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ. ವಾಸನೆ ಬರುತ್ತಿದೆ ಅಂದಿರಿ. ರೆಗ್ಯುಲೇಟರ್ ಹಾಕುವವರೆಗೆ ಗಾಡಿ ಶೆಡ್ಡಿನಿಂದ ಹೊರಗೆ ನಿಲ್ಲಲಿ, ಒಳಗೊಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಈ ಉತ್ತರದಲ್ಲಿ ತುರ್ತಿನ ಮಾತು ಇದೊಂದೇ.

ಅಡಾಪ್ಟರ್ ಕೂರಿಸಲು ಹಳೆಯ ಕಾರ್ಬೊರೇಟರಿನ ಕೆಳಗಿದ್ದ ದಪ್ಪನೆಯ ಸ್ಪೇಸರನ್ನೂ ತೆಗೆದಿದ್ದಾರೆಯೇ? ಅದು ಬರೀ ಎತ್ತರಕ್ಕೆ ಇಟ್ಟದ್ದಲ್ಲ. ಅದರೊಳಗೆ ಹೀಟರಿನ ಬಿಸಿನೀರು ಹರಿದು ಚಳಿಯಲ್ಲಿ ಕಾರ್ಬೊರೇಟರಿನ ಬುಡವನ್ನು ಬೆಚ್ಚಗಿಡುತ್ತದೆ, ಎಂಜಿನ್ನಿನ ಬುಡದ ಹೊಗೆಯನ್ನು ಹೀರಿ ತೆಗೆಯುವ ಪಿಸಿವಿ ಹೋಸ್ ಸೇರುವುದೂ ಅಲ್ಲೇ. ಪಿಸಿವಿಗೆ ಬೇರೆ ಜಾಗ ಮಾಡದೆ ಮುಚ್ಚಿಬಿಟ್ಟಿದ್ದರೆ ಕ್ರ್ಯಾಂಕ್‌ಕೇಸಿನ ಹೊಗೆಗೆ ಹೋಗಲು ದಾರಿಯಿಲ್ಲ, ಸ್ವಲ್ಪ ದಿನದಲ್ಲಿ ಸೀಲುಗಳಿಂದ ಆಯಿಲ್ ಜಿನುಗಲು ಶುರುವಾಗುತ್ತದೆ.

ಈಗ ಆ 40 ಎಚ್‌ಪಿ ಕಥೆಗೆ ಬರೋಣ.

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎನ್ನುವುದಕ್ಕೆ ಸರಳ ಲೆಕ್ಕವಿದೆ. 200 ಕ್ಯೂಬಿಕ್ ಇಂಚನ್ನು 4500 ಆರ್‌ಪಿಎಮ್ಮಿನಿಂದ ಗುಣಿಸಿ 3456ರಿಂದ ಭಾಗಿಸಿ: 260. ಯಾವ ಎಂಜಿನ್ನೂ ಪೂರ್ತಿ ತುಂಬಿಕೊಳ್ಳುವುದಿಲ್ಲ, ಇಂಥ ಹಳೆಯ ಸಿಕ್ಸಿಗೆ ನೂರಕ್ಕೆ 80 ಅಂದುಕೊಳ್ಳಿ. ನಿಮಿಷಕ್ಕೆ 208 ಘನ ಅಡಿ ಬಂತು. ನಿಮ್ಮ ಹಳೆಯ ಆಟೊಲೈಟ್ ಹೆಚ್ಚುಕಡಿಮೆ 185 ಬಿಡುತ್ತದೆ. ಅಂದರೆ ಕೊರತೆ ಇರುವುದು ಪೂರ್ತಿ ವೇಗದಲ್ಲಿ, ಅದೂ ಅಷ್ಟಿಷ್ಟು. ನೀವು ಏರು ಹತ್ತುವ 2500-3000ರಲ್ಲಿ ಆ ಪುಟ್ಟ ಕಾರ್ಬೊರೇಟರೇ ಧಾರಾಳ. ಇದಕ್ಕೆ 390ರ ನಾಲ್ಕು ಬ್ಯಾರಲ್ ಕೂರಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಬಾಯಿ ದೊಡ್ಡದಾದಷ್ಟೂ ಗಾಳಿಯ ವೇಗ ಇಳಿದು, ಪೆಟ್ರೋಲ್ ಸರಿಯಾಗಿ ಚದುರದೆ ಹನಿಹನಿಯಾಗಿ ಇಳಿಯುತ್ತದೆ, ಕೆಳಗಿನ ವೇಗದ ಎಳೆತ ಇನ್ನೂ ಕೆಡುತ್ತದೆ. ಹಾಗೆಯೇ ಅಂಗಡಿಯಲ್ಲಿ ಸಂಖ್ಯೆ ಹೋಲಿಸುವಾಗ ಎಚ್ಚರ: ಒಂದು, ಎರಡು ಬ್ಯಾರಲ್ಲಿನವನ್ನು 3 ಇಂಚು ಪಾದರಸದ ಸೆಳೆತದಲ್ಲಿ ಅಳೆಯುತ್ತಾರೆ, ನಾಲ್ಕು ಬ್ಯಾರಲ್ಲಿನವನ್ನು ಒಂದೂವರೆ ಇಂಚಿನಲ್ಲಿ. ಎರಡೂ ಒಂದೇ ತಕ್ಕಡಿಯಲ್ಲ.

ಇನ್ನೊಂದು ಮಿತಿ ಹೆಡ್ಡಿನಲ್ಲೇ ಎರಕವಾಗಿದೆ. ಬೇರೆ ಎಂಜಿನ್ನುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಬದಲಾಯಿಸಬಹುದು. ಫೋರ್ಡಿನವರು ಖರ್ಚು ಉಳಿಸಲು ಅದನ್ನು ಹೆಡ್ಡಿನ ಜೊತೆಗೇ ಒಂದೇ ತುಂಡಾಗಿ ಎರಕ ಹೊಯ್ದರು, ಮರದ ದಿಮ್ಮಿಯಂಥ ಒಂದು ಉದ್ದ ಕೊಳವೆ. ಅದಕ್ಕೇ ಇದಕ್ಕೆ ಲಾಗ್ ಹೆಡ್ ಅಂತ ಹೆಸರು. ವಠಾರದ ಆರು ಮನೆಗೆ ಒಂದೇ ಪೈಪು ಎಳೆದ ಹಾಗೆ: ನಡುವಿನ ಮನೆಗಳಿಗೆ ನೀರು ಜೋರು, ಎರಡು ತುದಿಯ ಮನೆಗಳಿಗೆ ಸಣ್ಣ ಧಾರೆ. ಮೂರು ಮತ್ತು ನಾಲ್ಕನೆಯ ಸಿಲಿಂಡರಿನ ಪ್ಲಗ್ ಕಪ್ಪಗೆ, ಒಂದು ಮತ್ತು ಆರನೆಯದರ ಪ್ಲಗ್ ಬೆಳ್ಳಗೆ ಬರುವುದು ಇದರಿಂದ. ನಿಮ್ಮ ಅಡಾಪ್ಟರಿನಲ್ಲಿ ಎರಡು ಬ್ಯಾರಲ್ಲಿನ ಗಾಳಿ ಒಂದೇ ತೂತಿಗೆ ಇಳಿದು, ಇಳಿದ ಕೂಡಲೇ ಎಡಕ್ಕೋ ಬಲಕ್ಕೋ ತೊಂಬತ್ತು ಡಿಗ್ರಿ ತಿರುಗಬೇಕು. ಮೇಲೆ ಏನೇ ಕೂರಿಸಿದರೂ ಕೆಳಗಿನ ಬಾಗಿಲು ಅದೇ. ಎಲ್ಲವನ್ನೂ ಸರಿಯಾಗಿ ಹೊಂದಿಸಿದರೆ ಅಡಾಪ್ಟರ್ ಮೇಲಿನ ವೆಬರಿನಿಂದ ಹತ್ತು ಎಚ್‌ಪಿಯ ಆಸುಪಾಸು ಸಿಕ್ಕರೆ ದೊಡ್ಡದು ಅನ್ನುವುದು ನನ್ನ ಅನುಭವ. ಅಂದಹಾಗೆ, ಫೋರ್ಡ್ ಹೇಳಿದ 120 ಎಚ್‌ಪಿಯೂ ಆಗಿನ ಕಾಲದ ಗ್ರಾಸ್ ಲೆಕ್ಕ, ಫ್ಯಾನು, ಏರ್ ಕ್ಲೀನರು ಕಳಚಿಟ್ಟು ಟೆಸ್ಟ್ ಬೆಂಚಿನಲ್ಲಿ ಅಳೆದದ್ದು. ಚಕ್ರಕ್ಕೆ ಅಷ್ಟು ಯಾವತ್ತೂ ಬಂದಿಲ್ಲ.

ಹಾಗಾದರೆ ಏನು ಮಾಡಬಹುದು?

ಅತಿ ಕಮ್ಮಿ ಖರ್ಚಿನ ದಾರಿ, ಹಳೆಯ ಜೋಡಿಗೇ ಮರಳುವುದು. ಆಟೊಲೈಟ್ 1100ಕ್ಕೆ ಹೊಸ ಪ್ಯಾಕಿಂಗ್ ಕಿಟ್, ಹೊಸ ಪಂಪ್ ಡಯಾಫ್ರಮ್ ಹಾಕಿ. ಸಿಗ್ನಲ್ಲಿನಲ್ಲಿ ಮೊದಲಿದ್ದ ಆ ತಡವರಿಕೆ ಬಹುಶಃ ಹರಿದ ಡಯಾಫ್ರಮ್‌ನದೇ. ಥ್ರಾಟಲ್ ಷಾಫ್ಟ್ ಸವೆದು ಅಲ್ಲಾಡುತ್ತಿದ್ದರೆ ಬುಷ್ ಹಾಕಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಡಿಸ್ಟ್ರಿಬ್ಯೂಟರ್ ಡಬ್ಬಿಯನ್ನು ಬಾಯಲ್ಲೇ ಎಳೆದು ನೋಡಿ, ತಟ್ಟೆ ತಿರುಗಿ ನಿಲ್ಲಬೇಕು. ಅಪಾಯ ಒಂದೇ: ಅಂಗಡಿಯಲ್ಲಿ ಸಿಗುವ ರೀಬಿಲ್ಟ್ 1100ಗಳಲ್ಲಿ ಬಹಳಷ್ಟು ಸಲ ಆ ಷಟ್ಕೋನ ವಾಲ್ವೇ ಇರುವುದಿಲ್ಲ, 1968ರ ನಂತರದ ಬಿಡಿಭಾಗಗಳನ್ನು ಬೆರೆಸಿರುತ್ತಾರೆ. ನಿಮ್ಮ ಹಳೆಯದನ್ನು ಎತ್ತಿಡಿ ಅಂದದ್ದು ಇದಕ್ಕೇ.

ಎರಡನೆಯದು, ವೆಬರನ್ನು ಉಳಿಸಿಕೊಂಡು ಡಿಸ್ಟ್ರಿಬ್ಯೂಟರ್ ಬದಲಾಯಿಸುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. 1968ರಿಂದ ಈ ಸಿಕ್ಸುಗಳಿಗೆ ತೂಕವೂ ವ್ಯಾಕ್ಯೂಮೂ ಇರುವ ಡಿಸ್ಟ್ರಿಬ್ಯೂಟರ್ ಬಂತು. ಪಾಯಿಂಟಿನದು ಸುಲಭ, ಬೇಕಾದರೆ ಒಳಗೆ ಎಲೆಕ್ಟ್ರಾನಿಕ್ ಪಿಕಪ್ ಕೂರಿಸಬಹುದು. ಎಪ್ಪತ್ತರ ದಶಕದ ಕೊನೆಯ ಎಲೆಕ್ಟ್ರಾನಿಕ್ ಡ್ಯೂರಾಸ್ಪಾರ್ಕ್ ಇನ್ನೂ ಒಳ್ಳೆಯದು, ಅದಕ್ಕೆ ಮಾಡ್ಯೂಲ್, ವೈರಿಂಗ್ ಕೆಲಸ ಇದೆ. ಕೊಳ್ಳುವ ಮೊದಲು ನಿಮ್ಮದನ್ನು ಹೊರತೆಗೆದು ಕೆಳತುದಿಯಲ್ಲಿ ಆಯಿಲ್ ಪಂಪಿನ ಷಾಫ್ಟ್ ಕೂರುವ ಷಟ್ಕೋನದ ಅಳತೆ ನೋಡಿ. ಅದು ಎರಡು ಅಳತೆಯಲ್ಲಿ ಬರುತ್ತದೆ, ತಪ್ಪಾದರೆ ಕೂರುವುದೇ ಇಲ್ಲ. ಬುಡದ ಟೈಮಿಂಗ್ 10-12ಕ್ಕೆ ಇಟ್ಟು, ವ್ಯಾಕ್ಯೂಮ್ ಕಳಚಿ 3000ದಲ್ಲಿ ಒಟ್ಟು 32-36 ಬರುತ್ತದೆಯೇ ನೋಡಿ. ಇದು ಸರಿಹೋದ ಮೇಲೆ ಮಾತ್ರ ಜೆಟ್ ಮುಟ್ಟಿ. ವೆಬರಿನ ಐಡ್ಲಿಂಗ್ ಸ್ಕ್ರೂ ತಾಗಿದ ಮೇಲೆ ಒಂದೂವರೆ ಸುತ್ತಿಗಿಂತ ಹೆಚ್ಚು ಒಳಗೆ ಹೋಗಬಾರದು, ಮಿಕ್ಸ್ಚರ್ ಸ್ಕ್ರೂ ಹೆಚ್ಚುಕಡಿಮೆ ಎರಡು ಸುತ್ತು ಹೊರಗಿರುವಾಗ ಐಡ್ಲಿಂಗ್ ಚೆನ್ನಾಗಿರಬೇಕು. ಎರಡೂವರೆ ದಾಟಿದರೆ ಐಡಲ್ ಜೆಟ್ ಸಣ್ಣದಾಯಿತು, ಒಂದೂಕಾಲಕ್ಕಿಂತ ಒಳಗಿದ್ದರೆ ದೊಡ್ಡದಾಯಿತು. ಈಗಿನ ಪೆಟ್ರೋಲಿನಲ್ಲಿ ಹತ್ತು ಭಾಗ ಎಥನಾಲ್ ಇರುವುದರಿಂದ ಹಳೆಯ ಜೆಟ್ಟುಗಳು ಸ್ವಲ್ಪ ಲೀನ್ ಆಗೇ, ಅಂದರೆ ಪೆಟ್ರೋಲ್ ಕಮ್ಮಿಯಾಗೇ ಓಡುತ್ತವೆ, ಅದೂ ನೆನಪಿರಲಿ. ಈ ದಾರಿಯ ಅಪಾಯ ಬಾನೆಟ್ಟು: ಅಡಾಪ್ಟರ್, ವೆಬರ್, ಏರ್ ಕ್ಲೀನರ್ ಸೇರಿ ಎತ್ತರವಾಗುತ್ತದೆ. ಮುಚ್ಚುವ ಮುನ್ನ ಮೇಲೆ ಒಂದು ಮುದ್ದೆ ಜೇಡಿಮಣ್ಣು ಇಟ್ಟು, ಮೆಲ್ಲಗೆ ಮುಚ್ಚಿ ತೆಗೆದು ಅದು ಎಷ್ಟು ಚಪ್ಪಟೆಯಾಯಿತು ನೋಡಿ.

ಅರ್ಧ ಹಳೆಯದು, ಅರ್ಧ ಹೊಸದು ಮಾತ್ರ ಬೇಡ. ವಾಲ್ವ್ ಇರುವ 1100ಕ್ಕೆ ಹೊಸ ಡಿಸ್ಟ್ರಿಬ್ಯೂಟರ್ ಹಾಕಿದರೂ ಹೊಂದುವುದಿಲ್ಲ, ಆ ಬೆರಕೆ ಸಂಕೇತ ಸಾಮಾನ್ಯ ವ್ಯಾಕ್ಯೂಮ್ ಡಬ್ಬಿಗೆ ಸಾಲದು.

ಇದಕ್ಕಿಂತ ಮುಂದೆ ಹೋಗಬೇಕೆಂದರೆ ಹೆಡ್ ಇಳಿಸಬೇಕು. ಲಾಗಿನ ಮೇಲ್ಭಾಗವನ್ನು ಮಿಲ್ಲಿಂಗ್ ಮಾಡಿ, ತೂತು ಅಗಲಿಸಿ, ಆಟೊಲೈಟ್ 2100 ಎರಡು ಬ್ಯಾರಲ್ಲನ್ನು ನೇರವಾಗಿ ಕೂರಿಸುವವರಿದ್ದಾರೆ. ಅದರ ಪಕ್ಕದಲ್ಲಿ ವೆಂಚುರಿ ಅಳತೆ ಎರಕದಲ್ಲೇ ಮೂಡಿರುತ್ತದೆ, 1.08 ಎಂದಿರುವುದು ನಿಮಗೆ ಸಾಕು. ಕೆಲಸ ಗೊತ್ತಿಲ್ಲದ ಮಷಿನ್ ಶಾಪಿನವರು ಎರಕದ ಗೋಡೆ ತೂತು ಮಾಡಿದರೆ ಹೆಡ್ ಗುಜರಿಗೆ. ಎಪ್ಪತ್ತರ ದಶಕದ ಕೊನೆಯ ಹೆಡ್ಡುಗಳ ಲಾಗ್ ಇನ್ನೂ ದೊಡ್ಡದು, ಆದರೆ ಅವುಗಳಲ್ಲಿ ಪೆಟ್ರೋಲ್ ಉರಿಯುವ ಚೇಂಬರ್ 62 ಸಿಸಿ ಹತ್ತಿರ, ನಿಮ್ಮದು 52ರ ಹತ್ತಿರ. ಹಾಗೇ ಕೂರಿಸಿದರೆ ಕಂಪ್ರೆಷನ್ ಇಳಿದು, ಗೆದ್ದದ್ದೆಲ್ಲ ಅಲ್ಲೇ ಹೋಗುತ್ತದೆ. ಹೆಡ್ಡಿನ ತಳ ಸವೆಸಿ ಚೇಂಬರ್ ಕಿರಿದು ಮಾಡುವ ಫೇಸಿಂಗ್ ಮಾಡಿಸಲೇಬೇಕು. ಹಳೆಯ ತೆಳು ಉಕ್ಕಿನ ಗ್ಯಾಸ್ಕೆಟ್ ಬದಲು ಈಗಿನ ದಪ್ಪ ಗ್ಯಾಸ್ಕೆಟ್ ಹಾಕಿದರೂ ಇದೇ ನಷ್ಟ. ಆಸ್ಟ್ರೇಲಿಯಾದ ಫೋರ್ಡಿನವರು ಎಪ್ಪತ್ತರ ದಶಕದ ಆರಂಭದಲ್ಲಿ ಮ್ಯಾನಿಫೋಲ್ಡ್ ಬಿಚ್ಚಬಹುದಾದ 250-2ವಿ ಹೆಡ್ ಮಾಡಿದ್ದರು, ಅದು ನಿಮ್ಮ ಬ್ಲಾಕಿಗೆ ಕೂರುತ್ತದೆ. ಸಿಕ್ಕರೆ ಅದೃಷ್ಟ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮೂರು ಕಾರ್ಬೊರೇಟರ್ ಸಾಲಾಗಿ ಕೂರಿಸುವ ಕಿಟ್‌ಗಳೂ ಇವೆ. ನೋಡಲು ಬಹಳ ಚೆಂದ, ಪ್ರತಿ ಭಾನುವಾರ ಟ್ಯೂನಿಂಗ್ ಮಾಡುವ ಹುಚ್ಚಿದ್ದವರಿಗೆ ಸರಿ.

ವಿ8 ಬಗ್ಗೆ ಕೇಳಿದಿರಿ. 1966ರ 289 ಎಂಜಿನ್ನಿಗೆ 200 ಎಚ್‌ಪಿ, ನಿಜ. ಆದರೆ ನಿಮ್ಮ ಗಾಡಿಯ ಒಂದು ಚಕ್ರದ ನಟ್ಟು ಎಣಿಸಿ, ನಾಲ್ಕೇ. ವಿ8 ಮಸ್ಟಾಂಗಿಗೆ ಐದು. ಬ್ರೇಕ್ ಡ್ರಮ್ 9 ಇಂಚು, ಅದಕ್ಕೆ 10. ಹಿಂದಿನ ಆಕ್ಸಲ್ ಬೇರೆ, ಸ್ಪ್ರಿಂಗ್ ಬೇರೆ, ಸ್ಟೀರಿಂಗ್ ಭಾಗಗಳೂ ಬೇರೆ. ಎಂಜಿನ್ ಮಾತ್ರ ಬದಲಾಯಿಸಿದ ಗಾಡಿಯನ್ನು ನಾನು ಯಾರಿಗೂ ಕೀ ಕೊಟ್ಟು ಕಳಿಸುವುದಿಲ್ಲ. ಹೆಡ್ಡಿಗೆ ಖರ್ಚು ಮಾಡುವ ದುಡ್ಡಿದ್ದರೆ ಮೊದಲು ಬ್ರೇಕಿಗೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ. 1966ರ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು, ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಎರಡು ಕೋಣೆಯದು 1967ರಿಂದ ಬಂತು, ನಿಮ್ಮದಕ್ಕೆ ಹಾಕಿಸುವುದು ಕಷ್ಟವೇನಲ್ಲ. ಸಾಂತಾ ಕ್ರೂಜಿಗೆ ಹತ್ತಿದವರು ಇಳಿಯಲೂ ಬೇಕಲ್ಲ.

ಸ್ಮಾಗ್ ಚೆಕ್ (ಸರ್ಕಾರದ ಹೊಗೆ ತಪಾಸಣೆ) ಚಿಂತೆ ನಿಮಗಿಲ್ಲ, ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಅದರಿಂದ ವಿನಾಯಿತಿ ಇದೆ.

ಈ ವಾರ ರೆಗ್ಯುಲೇಟರ್ ಹಾಕಿ, ಮಾಡ್ಯುಲೇಟರಿನ ಹೋಸನ್ನು ನೇರ ಮ್ಯಾನಿಫೋಲ್ಡಿಗೆ ಸೇರಿಸಿ, ಕಿಕ್‌ಡೌನ್ ರಾಡ್ ಎಲ್ಲಿ ನೇತಾಡುತ್ತಿದೆ ನೋಡಿ. ಇಷ್ಟಕ್ಕೇ ವಾಸನೆ ಮತ್ತು ಒದೆತ ಹೋಗಬೇಕು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಗೇಜ್ ಕಟ್ಟಿಕೊಂಡು ಏರು ಹತ್ತಿ, ಸಪಾಟಿನಲ್ಲಿ ಎಷ್ಟು, ಏರಿನಲ್ಲಿ ಎಷ್ಟು, ಪೆಡಲ್ ಪೂರ್ತಿ ಒತ್ತಿದಾಗ ಎಷ್ಟು ಅಂತ ಮೂರು ಅಂಕಿ ಬರೆದುಕೊಳ್ಳಿ. ರೋಟರ್ ತಿರುಗಿತೋ ಇಲ್ಲವೋ ಅದನ್ನೂ ಸೇರಿಸಿ ಬರೆದು ಕಳಿಸಿ. ಜೆಟ್ಟಿನ ನಂಬರ್ ಆಮೇಲೆ ಮಾತಾಡೋಣ.